ಗಡ್ಡೆ ಸಕ್ಕರೆಯ ಊರು

ಅಜ್ಜನ ಎಡಗಿವಿಯ ತುದಿ ಇರಲಿಲ್ಲ. ರೊಟ್ಟಿಯ ಅಂಚನ್ನು ಕೂಸು ಕಚ್ಚಿ ತೆಗೆದ ಹಾಗೆ ಅಷ್ಟೇ ಅಷ್ಟು ಹೋಗಿತ್ತು. ಕೇಳಿದವರಿಗೆ, "ಹೇಸರಗತ್ತಿ ಕಡದಿದ್ದು. ಅದರದೇನೂ ತಪ್ಪಿಲ್ಲ ಬಿಡ. ಆ ಥಂಡಿ ಅದಕ್ಕೂ ಹೊಸಾದು, ನನಗೂ ಹೊಸಾದು," ಎನ್ನುತ್ತಿದ್ದ.

ಮೀಸೆ ಮೂಡುವ ವಯಸ್ಸಿಗೆ ಪಲ್ಟನ್ನಿನ ಹೇಸರಗತ್ತೆ ಕಾಯುವ ಕೆಲಸ ಹಿಡಿದು, ಮೊದಲ ಮಹಾಯುದ್ಧದಲ್ಲಿ ಹಡಗು ಹತ್ತಿ ಫ್ರಾನ್ಸಿಗೆ ಹೋಗಿ ಬಂದವನು. ಎಂಬತ್ತರ ದಶಕದ ಮೊದಲಲ್ಲಿ ನಾನು ಕಂಡಾಗ ತಮ್ಮನ ಮಗನ ಮನೆಯಲ್ಲಿದ್ದ. ಹೆಂಡತಿ ತೀರಿ ಎಷ್ಟೋ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮನೆ ತುಂಬ ಜನ. ಹೊತ್ತಿಗೆ ಸರಿಯಾಗಿ ರೊಟ್ಟಿ ತಂದು ಮುಂದಿಡುತ್ತಿದ್ದರು, ಯಾರೂ ಜೊತೆ ಕೂರುತ್ತಿರಲಿಲ್ಲ.

ನಾನು ಅವನ ಪಕ್ಕದ ಮನೆಗೆ ಕಬ್ಬೂರಿನಿಂದ ಸೊಸೆಯಾಗಿ ಬಂದವಳು. ಗಂಡನದು ದಿಗ್ಗೇವಾಡಿ ಕಡೆಯ ಹೊಳೆದಂಡೆಯ ಊರು, ಕಬ್ಬಿನ ಮನೆತನ. ಅತ್ತೆ ಕೆಟ್ಟವರಲ್ಲ, ಆದರೆ ಕಬ್ಬು ಮತ್ತು ಎಮ್ಮೆ ಬಿಟ್ಟರೆ ಅವರಿಗೆ ಮಾತಿಲ್ಲ. ತವರಲ್ಲಿ ಬಾಯಿಬಡಕಿ ಅನ್ನಿಸಿಕೊಂಡ ನನಗೆ ಒಂದು ದೀಪಾವಳಿ ಕಳೆಯುವುದರೊಳಗೆ ನನ್ನ ದನಿಯೇ ಮರೆತಿತ್ತು.

ಹಿತ್ತಲ ಗೋಡೆಗೆ ಸಗಣಿಯ ಕುಳ್ಳು ಬಡಿಯುತ್ತಿದ್ದಾಗ ಒಂದು ಮುಂಜಾನೆ ಗೋಡೆಯ ಆಚೆಯಿಂದ ಅಜ್ಜ ಕೇಳಿದ: "ಯವ್ವಾ, ನಿಮ್ಮೂರ ಅಗಸಿ ಬಾಗಲಾ ಯಾವ ದಿಕ್ಕಿಗೆ ಮಕಾ ಮಾಡೇತಿ?"

"ಮೂಡಣಕ್ಕರಿ ಅಜ್ಜಾ."

"ಅಗಸಿ ದಾಟಿದ ಮ್ಯಾಲೆ ಮೊದಲ ಏನ ಬರತೈತಿ?"

ಹನುಮಪ್ಪನ ಗುಡಿ, ಬೇವಿನ ಕಟ್ಟೆ, ಬಡಿಗೇರರ ಮನೆ, ಹೀಗೆ ಒಂದೊಂದೇ ಹೇಳಿಸುತ್ತ ನಮ್ಮ ಮನೆ ಬಾಗಿಲಿಗೆ ತಂದ. ಅಲ್ಲಿಗೆ ಬಂದದ್ದೇ ತಡ, ನನಗೆ ಅಳು ತಡೆಯಲಿಲ್ಲ. ಬಂದಾಗಿನಿಂದ ಯಾರೂ ನನ್ನೂರಿನ ಸುದ್ದಿ ಕೇಳಿರಲಿಲ್ಲ. ಸಗಣಿ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ರಾಡಿ. "ಅಳ, ಅಳ. ನಾನೂ ಅತ್ತೇನಿ," ಎಂದ ಅಜ್ಜ. ಆಮೇಲೆ ತನ್ನ ಊರು ಹೇಳಿದ. ಹುಟ್ಟಿದ ಊರಲ್ಲ, ಫ್ರಾನ್ಸಿನಲ್ಲಿ ಒಂದು ಚಳಿಗಾಲ ಇದ್ದ ಊರು. ಅದರ ಹೆಸರು ಅವನ ನಾಲಿಗೆಗೆ ಕೊನೆಗೂ ಸರಿಯಾಗಿ ಹತ್ತಲಿಲ್ಲ.

ಊರೆಂದರೆ ನಮ್ಮ ಓಣಿಯಷ್ಟು. ಕಲ್ಲಿನ ಮನೆಗಳು, ನಡುವೆ ಚರ್ಚು. ಅಜ್ಜ ಅದನ್ನು ಗುಡಿ ಎನ್ನುತ್ತಿದ್ದ. ಅದರ ಗೋಪುರ ನಮ್ಮೂರ ಹುಡೇವಿನ ಬುರುಜಿಗಿಂತ ಎತ್ತರವಂತೆ. ಅಜ್ಜನೂ ಅವನ ಹೇಸರಗತ್ತೆಗಳೂ ಇದ್ದದ್ದು ಒಬ್ಬ ಮುದುಕಿಯ ಕೊಟ್ಟಿಗೆಯಲ್ಲಿ. ಅವಳ ಮಕ್ಕಳಿಬ್ಬರೂ ಯುದ್ಧಕ್ಕೆ ಹೋದವರು ತಿರುಗಿ ಬಂದಿರಲಿಲ್ಲ. ಭಾಷೆ ಬರದಿದ್ದರೂ ಇವನ ಕೈಹಿಡಿದು ಊರು ತೋರಿಸಿದಳಂತೆ. ಗುಡಿಯ ಮೆಟ್ಟಿಲು ನಡುವೆ ಸವೆದಿತ್ತು. ತನ್ನ ಕಾಲು ತೋರಿಸಿ, ಬೆನ್ನ ಹಿಂದೆ ದೂರ ಕೈಬೀಸಿ, ಅವ್ವ, ಅವಳವ್ವ, ಅವಳವ್ವ ಎಲ್ಲರೂ ತುಳಿದದ್ದು ಎಂದು ತಿಳಿಸಿದಳು. ಒಂದು ಕಡೆ ಗೋಡೆ ಕಪ್ಪಗಿತ್ತು. ಹಿಂದೆಂದೋ ಕುದುರೆ ಮೇಲೆ ಬಂದವರು ಬೆಂಕಿ ಹಚ್ಚಿದ್ದನ್ನು ಕೊಟ್ಟಿಗೆಯ ಮುಂದೆ ಕುಣಿದೇ ತೋರಿಸಿದಳು. ಹಳ್ಳದ ದಂಡೆಗೆ ಹೆಂಗಸರು ಬಟ್ಟೆ ಒಗೆಯಲೆಂದೇ ಕಲ್ಲು ಹಾಸಿ ಸೂರು ಕಟ್ಟಿದ್ದರಂತೆ. "ಅರಿವಿ ಒಗ್ಯಾಕೂ ನೆರಳ ಮಾಡ್ಯಾರ ನೋಡ. ನಮ್ಮ ಹೆಣ್ಮಕ್ಕಳು ಬಿಸಲಾಗ ಸಾಯಾಕತ್ತಾರ," ಎನ್ನುತ್ತಿದ್ದ.

ಇದನ್ನೆಲ್ಲ ಮೊದಲು ಊರ ಕಟ್ಟೆಯ ಮೇಲೂ ಹೇಳುತ್ತಿದ್ದನಂತೆ. ಕೆಟ್ಟದ್ದು ಒಂದೇ ಮಾತಿಗೆ. ಆ ಊರಿನ ಹೊಲದಲ್ಲಿ ಗಡ್ಡೆ ಬೆಳೆಯುತ್ತಾರೆ, ಅದರಿಂದ ಸಕ್ಕರೆ ತೆಗೆಯುತ್ತಾರೆ ಎಂದುಬಿಟ್ಟ. ಕಬ್ಬಿನವರ ಮುಂದೆ! "ನಾಳೆ ಉಳ್ಳಾಗಡ್ಡಿಯಿಂದ ಬೆಲ್ಲಾ ತಗೀತಾನ," ಎಂದು ನಕ್ಕರು. ಗಡ್ಡೆ ಸುಳ್ಳಾದ ಮೇಲೆ ಗೋಪುರವೂ ಸುಳ್ಳಾಯಿತು, ಮುದುಕಿಯೂ ಸುಳ್ಳಾದಳು. ಫ್ರಾನ್ಸೇ ಮಿರಜಿನ ಆಚೆ ಎಲ್ಲೋ ಇರಬೇಕು ಎಂದರು. ಅಜ್ಜ ಕಟ್ಟೆಗೆ ಹೋಗುವುದನ್ನೇ ಬಿಟ್ಟ. ಉಳಿದದ್ದು ನಮ್ಮ ಹಿತ್ತಲ ಗೋಡೆ.

ಖರೆಯೋ ಸುಳ್ಳೋ, ನನಗೇನು? ಅವನು ನನ್ನೂರನ್ನು ನಂಬಿದ್ದ, ನಾನು ಅವನ ಊರನ್ನು ನಂಬಿದೆ. ದಿನಾ ಒಬ್ಬರೂರಲ್ಲಿ ಒಬ್ಬರು ಅಡ್ಡಾಡಿ ಬರುತ್ತಿದ್ದೆವು. ಅವನ ಊರಿನ ಅಡ್ಡಾಟ ಮಾತ್ರ ಯಾವಾಗಲೂ ಒಂದೇ ಕಡೆ ನಿಲ್ಲುತ್ತಿತ್ತು. "ನಾವು ಬಿಟ್ಟು ಹೊಂಟಾಗ ಗುಂಡು ಬೀಳಾಕತ್ತಿದ್ವು. ಹಿಂದ ಹೊಳ್ಳಿ ನೋಡಿದ್ರ ಬರೇ ಹೊಗಿ. ಗೋಪುರ ಕಾಣಲಿಲ್ಲ. ಬಿತ್ತೋ, ಹೊಗಿಯಾಗ ಮುಚ್ಚಿತ್ತೋ..." ಮುದುಕಿ ಆ ಗೋಪುರದ ಬುಡದಲ್ಲೇ ನಿಂತು ಕೈಬೀಸಿ ಕಳಿಸಿದ್ದಳು.

ಅವನು ಹಾಸಿಗೆ ಹಿಡಿದಾಗ ಅಂಬಲಿ ತೆಗೆದುಕೊಂಡು ಹೋಗಿದ್ದೆ. ಕಣ್ಣು ತೆರೆದು, "ಯವ್ವಾ, ಗೋಪುರ ಬಿತ್ತೇನ?" ಎಂದ.

"ಇಲ್ರಿ ಅಜ್ಜಾ, ನಿಂತೈತಿ."

"ನೀ ಎಲ್ಲಿ ನೋಡಿದಿ?"

"ನೀವು ನಮ್ಮೂರ ಅಗಸಿ ನೋಡಿರಲ್ಲರಿ, ಹಂಗ."

ನಕ್ಕ. ಎರಡು ಗುಟುಕು ಕುಡಿದ. ಆ ವಾರವೇ ತೀರಿಕೊಂಡ. ಅವನ ಮನೆಯವರು ಹೊತ್ತೊಯ್ದು ಮಣ್ಣು ಮಾಡಿ ಬಂದರು, ಮರುದಿನ ಕಬ್ಬಿಗೆ ನೀರು ಬಿಟ್ಟರು. ನಾನು ಕುಳ್ಳು ಬಡಿಯಲು ಹೋಗಿ, ಗೋಡೆ ನೋಡುತ್ತ ನಿಂತು, ತಿರುಗಿ ಬಂದೆ.

ಎಷ್ಟೋ ವರ್ಷದ ಮೇಲೆ, ತೊಂಬತ್ತರ ದಶಕದಲ್ಲಿ, ಅಥಣಿಯಲ್ಲಿ ಒಂದು ಮದುವೆ. ಬೀಗರ ಪೈಕಿ ದ್ರಾಕ್ಷಿ ಬೆಳೆಯುವವರೊಬ್ಬರು ತೋಟ ನೋಡಲೆಂದು ಫ್ರಾನ್ಸಿಗೆ ಹೋಗಿ ಬಂದಿದ್ದರು. ಊಟ ಮಾಡುತ್ತಿದ್ದವರ ಮುಂದೆ ಹೋಗಿ ನಿಂತು ಕೇಳಿಯೇಬಿಟ್ಟೆ: "ಅಣ್ಣಾರ, ಅಲ್ಲಿ ಸಕ್ಕರಿ ಯಾತರಲೆ ಮಾಡ್ತಾರ್ರಿ?"

"ಗಡ್ಡಿಲೆರಿ ಅಕ್ಕಾರ. ನಮ್ಮ ಮೂಲಂಗಿಗತೆ ಇರತೈತಿ, ದಪ್ಪ. ಹೊಲದ ಬದುವಿಗೆ ರಾಶಿ ರಾಶಿ ಹಾಕಿರತಾರ."

"ಯುದ್ಧದಾಗ ಬಿದ್ದ ಗುಡಿಗಳು?"

"ಭಾಳ ಕಡೆ ಹೆಂಗಿದ್ವು ಹಂಗ ಮತ್ತ ಕಟ್ಯಾರ. ಒಂದೆರಡು ಊರಾಗ ನಮಗೂ ತೋರಿಸಿದ್ರು."

ಬಸ್ಸಿನಲ್ಲಿ ಸುದ್ದಿ ಹೊತ್ತವಳ ಹಾಗೆ ಬಂದೆ. ಮನೆಗೆ ಬಂದು ಮದುವೆ ಸೀರೆಯನ್ನೂ ಬಿಚ್ಚದೆ ನೆಟ್ಟಗೆ ಹಿತ್ತಲಿಗೆ ನಡೆದೆ. ಗೋಡೆ ತೆಗೆಸಿ ಆಗಲೇ ವರ್ಷವಾಗಿತ್ತು. ಅಜ್ಜ ಕೂರುತ್ತಿದ್ದಲ್ಲಿ ಅವನ ತಮ್ಮನ ಮಗನ ಟ್ರ್ಯಾಕ್ಟರ್ ನಿಂತಿತ್ತು, ಟ್ರಾಲಿ ತುಂಬ ಕಬ್ಬು.

"ಗಡ್ಡಿ ಖರೇ ಅಂತ್ರಿ ಅಜ್ಜಾ," ಎಂದೆ.

ಒಳಗಿನಿಂದ ಅತ್ತೆ, "ಯಾರ ಕೂಡ ಮಾತಾಡಾಕತ್ತೀ?" ಎಂದು ಕೇಳಿದರು.

"ಯಾರೂ ಇಲ್ಲರಿ," ಎಂದೆ.