ಗೋದಲಿಯ ಬಾಣಂತಿ

ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದ ನರ್ಸಕ್ಕನಿಗೆ ಚರ್ಚಿನಲ್ಲಿ ಬಾಲಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಗಳ ಗೋದಲಿ ಜೋಡಿಸುವ ಕೆಲಸ ವಹಿಸಿದ್ದೇ ತಪ್ಪಾಯಿತು. ಕ್ರಿಸ್ಮಸ್ಸಿನ ಹಿಂದಿನ ದಿನ ಪಾದ್ರಿಗಳು ಬಂದು ನೋಡಿದರೆ, ಮಂಡಿಯೂರಿ ಕೂತಿರಬೇಕಾದ ತಾಯಿ ಮರಿಯಮ್ಮನ ಬೊಂಬೆ ಹುಲ್ಲಿನ ಮೇಲೆ ಅಡ್ಡವಾಗಿತ್ತು. ಮೇಲೆ ಕರವಸ್ತ್ರದ ಹೊದಿಕೆ ಬೇರೆ.

"ಅಯ್ಯೋ, ಬೊಂಬೆ ಬಿದ್ದುಹೋಗಿದೆಯಲ್ಲಮ್ಮ!"

"ಬಿದ್ದಿಲ್ಲ ಫಾದರ್, ನಾನೇ ಮಲಗಿಸಿದೆ. ಹಸಿ ಬಾಣಂತಿ ಯಾವಳು ಮಂಡಿಯೂರಿ ಕೂರ್ತಾಳೆ?"

"ಅವಳು ದೇವಮಾತೆ ಕಣಮ್ಮ."

"ದೇವರು ನಿಜವಾಗಿ ಮನುಷ್ಯನಾಗಿ ಹುಟ್ಟಿದ ಅಂತ ವರ್ಷಾ ವರ್ಷಾ ಹೇಳೋರು ನೀವೇ. ನಿಜವಾಗಿ ಹುಟ್ಟಿದ್ರೆ ಹೆತ್ತವಳಿಗೆ ಸುಸ್ತಾಗಿರಲ್ವಾ?"

ಪಾದ್ರಿಗಳು ಬಾಗಿ, ಕರವಸ್ತ್ರವನ್ನು ಬೊಂಬೆಯ ಪಾದದವರೆಗೂ ಎಳೆದು ಹೊದಿಸಿ, ದನಿ ತಗ್ಗಿಸಿ ಹೇಳಿದರು:

"ಬಾಗಿಲು ಹಾಕಮ್ಮ, ಗಾಳಿ ಬರ್ತಿದೆ."