ಸಣ್ಣ ಸ್ಕ್ರೂ ಇಲ್ಲದ ಸ್ವಿಚ್ಚು

ಕಂಪ್ರೆಸರಿನ ಟ್ಯಾಂಕು ತುಂಬುತ್ತ ಬಂದಂತೆ ಮೋಟರಿನ ದನಿ ದಪ್ಪಗಾಗುತ್ತದೆ, ಮೂಟೆ ಹೊತ್ತವನು ಮೆಟ್ಟಿಲು ಹತ್ತುವಾಗ ಉಸಿರು ಬಿಗಿ ಹಿಡಿದ ಹಾಗೆ. ಆಮೇಲೆ ‘ಟಕ್’ ಅಂತ ಒಂದು ಸಪ್ಪಳ, ‘ಫುಸ್’ ಅಂತ ಸ್ವಲ್ಪ ಗಾಳಿ, ಎಲ್ಲ ಸುಮ್ಮನಾಗುತ್ತದೆ. ಆ ‘ಟಕ್’ ಅನ್ನುವುದೇ ಪ್ರೆಶರ್ ಸ್ವಿಚ್ಚು. ಗಾಳಿ ಸಾಕಾದಾಗ ಮೋಟರು ನಿಲ್ಲಿಸುವುದು, ಕಡಿಮೆಯಾದಾಗ ಮತ್ತೆ ಚಾಲೂ ಮಾಡುವುದು, ಇಷ್ಟೇ ಅದರ ಕೆಲಸ. ಅಂಗೈಯಲ್ಲಿ ಹಿಡಿಸುವಷ್ಟು ಡಬ್ಬಿ. ಅಂಥದೊಂದು ಡಬ್ಬಿಯ ನೆಪದಲ್ಲಿ ನಾನು ನನ್ನ ತಮ್ಮನ ಹೆಸರು ಕೆಡಿಸಿದೆ.

ಕಲಬುರಗಿಯ ಕೋಟೆ ಕಡೆಗೆ ನಮ್ಮದೊಂದು ತಗಡಿನ ಅಂಗಡಿ. ಅಪ್ಪ ತೀರಿಕೊಂಡಾಗ ನಾನು ಆರನೇ ಇಯತ್ತೆಗೆ ಸಾಲೆ ಬಿಟ್ಟು ಸುಟ್ಟ ಮೋಟರಿಗೆ ತಂತಿ ಸುತ್ತುವ ಕೆಲಸಕ್ಕೆ ಸೇರಿದ್ದೆ. ತಮ್ಮನನ್ನು ಮಾತ್ರ ಬಿಡಿಸಲಿಲ್ಲ. ಅವನು ಹತ್ತನೇ ಪಾಸಾದ, ಎರಡು ವರ್ಷ ಐಟಿಐ ಮಾಡಿದ, ಆಮೇಲೆ ನನ್ನ ಅಂಗಡಿಗೇ ಬಂದು ಕೂತ. ಊರಿನ ಬೇಳೆ ಮಿಲ್ಲುಗಳ ಕಂಪ್ರೆಸರು, ಗ್ಯಾರೇಜುಗಳ ಕಂಪ್ರೆಸರು ರಿಪೇರಿ ಮಾಡುವುದು ನಮ್ಮ ಕಸುಬು.

ಆ ದಿನಗಳಲ್ಲಿ ನಮ್ಮದೊಂದು ಆಟವಿತ್ತು. ರಿಪೇರಿಯಾದ ಕಂಪ್ರೆಸರು ಚಾಲೂ ಮಾಡಿ ಇಬ್ಬರೂ ಅದಕ್ಕೆ ಬೆನ್ನು ಮಾಡಿ ಕೂಡುವುದು. ಮೀಟರು ನೋಡುವಂತಿಲ್ಲ. ಸ್ವಿಚ್ಚು ‘ಟಕ್’ ಅನ್ನುವುದಕ್ಕೆ ಸರಿಯಾಗಿ ಮುಂಚೆ ‘ಈಗ’ ಅನ್ನಬೇಕು. ಸೋತವನು ಜಗತ್ ಸರ್ಕಲ್ಲಿಗೆ ಸೈಕಲ್ ತುಳಿದು ಮಿರ್ಚಿ ಭಜಿ ತರಬೇಕು. ಸುಳ್ಳು ಯಾಕೆ ಹೇಳಲಿ, ಭಜಿ ಯಾವಾಗಲೂ ನಾನೇ ತಂದಿದ್ದೇನೆ. ಭಜಿ ಅಂಗಡಿಯವನು ನನ್ನನ್ನು ಕಂಡರೆ, “ಏನ್ ಮಿಸ್ತ್ರಿ, ಇವತ್ತೂ ತಮ್ಮನ ಕಡೆ ಸೋತ್ಯಾ?” ಅಂತ ನಗುತ್ತಿದ್ದ. ನಾನೂ ನಗುತ್ತಿದ್ದೆ. ಆ ಭಜಿಯ ಕಾಗದದ ಬಿಸಿ ಈಗಲೂ ಕೈಗೆ ನೆನಪಿದೆ. ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿರುತ್ತಾಳೆ, ಇಬ್ಬರೂ ಭಜಿ ತಿಂದು ಹೊಟ್ಟೆ ತುಂಬಿಸಿಕೊಂಡು ಹೋಗಿ ಬೈಸಿಕೊಳ್ಳುತ್ತೇವೆ ಅಂತ ಗೊತ್ತಿದ್ದೂ ತಿನ್ನುತ್ತಿದ್ದೆವು.

ಆದರೆ ಒಂದು ಮಾತು ನನಗೆ ಚುಚ್ಚುತ್ತಿತ್ತು. ಹೊಸ ಸ್ವಿಚ್ಚಿನ ಡಬ್ಬದಲ್ಲಿ ಇಂಗ್ಲಿಷಿನ ಒಂದು ಚೀಟಿ ಇರುತ್ತದೆ. ನಾನು ಅದನ್ನು ಮಡಚಿ ಸ್ಟೂಲಿನ ಕಾಲಿನ ಕೆಳಗಿಡುತ್ತಿದ್ದೆ. ತಮ್ಮ ಅದನ್ನು ತೆಗೆದು ಓದುತ್ತಿದ್ದ. ಗಿರಾಕಿ ಬಂದರೆ ಅವನು ಸ್ವಿಚ್ಚು ಕೊಡುವ ಮುಂಚೆ ಹತ್ತು ಪ್ರಶ್ನೆ ಕೇಳುವನು. ಪೈಪಿನಲ್ಲಿ ಗಾಳಿಯೋ, ನೀರೋ, ಉಗಿಯೋ? ಧೂಳಿನಲ್ಲಿ ಕೂಡುತ್ತದೋ, ಮರೆಯಲ್ಲೋ? ಮೋಟರಿನ ಕರೆಂಟು ನೇರ ಇದರ ಮೇಲೇ ಬರುತ್ತದೋ, ನಡುವೆ ಸ್ಟಾರ್ಟರ್ ಇದೆಯೋ? ನಾನು ಬೇಸತ್ತು, “ಏ ಮಾರಾಯಾ, ಹೆಣ್ಣು ನೋಡಾಕ ಬಂದಾನೇನು ಅಂವ? ಕೊಟ್ಟು ಕಳಸು” ಅನ್ನುತ್ತಿದ್ದೆ.

“ಎಲ್ಲಿ ನಿಲ್ಲಬೇಕು ಅಂತ ಎಲ್ಲಾರೂ ಹೇಳ್ತಾರ ಅಣ್ಣ,” ಅನ್ನುತ್ತಿದ್ದ ಅವನು. “ಎಲ್ಲಿ ಮತ್ತ ಚಾಲೂ ಆಗಬೇಕು ಅಂತ ಯಾರೂ ಹೇಳಂಗಿಲ್ಲ. ಅದನ್ನ ನಾವೇ ಕೇಳಬೇಕು.”

ಇನ್ನೊಂದು ಮಾತೂ ಹೇಳುತ್ತಿದ್ದ. ಸ್ವಿಚ್ಚಿನ ಮೇಲಿನ ಅಳತೆಯಲ್ಲಿ ನಮಗೆ ಬೇಕಾದ ಅಂಕಿ ನಡುವೆ ಬರಬೇಕಂತೆ, ತುದಿಗೆ ಬಂದರೆ ಹೊರಸಿನ ಅಂಚಿಗೆ ಕೂತ ಹಾಗೆ, ಎತ್ತಿ ಕೆಡವುತ್ತದಂತೆ. ಗಿರಾಕಿಗಳು ತಲೆದೂಗುತ್ತಿದ್ದರು. ಕಸುಬು ಕಲಿಸಿದವನು ನಾನು, ತಲೆದೂಗುತ್ತಿದ್ದದ್ದು ಅವನಿಗೆ.

ಹನ್ನೊಂದು ವರ್ಷದ ಹಿಂದಿನ ಮಾತು. ಗಂಜ್ ಕಡೆಯ ಒಂದು ಬೇಳೆ ಮಿಲ್ಲಿನ ಕಂಪ್ರೆಸರು ನಮ್ಮ ಕೈಗೆ ಬಂತು. ಅಲ್ಲಿ ಬಣ್ಣ ನೋಡಿ ಬೇಳೆ ಆರಿಸುವ ಮಷೀನು ಇತ್ತು. ಬೇಳೆ ಮೇಲಿನಿಂದ ಜಾರುತ್ತ ಬರುತ್ತದೆ, ಮಷೀನಿನ ಕಣ್ಣಿಗೆ ಕಪ್ಪು ಕಾಳು ಕಂಡರೆ ಸಣ್ಣ ತೂತಿನಿಂದ ‘ಚಿಟ್’ ಅಂತ ಗಾಳಿ ಹೊಡೆದು ಅದನ್ನು ಪಕ್ಕಕ್ಕೆ ಹಾರಿಸುತ್ತದೆ. ಗಾಳಿಯ ಒತ್ತಡ ಮೀಟರಿನಲ್ಲಿ ಐದಕ್ಕಿಂತ ಕೆಳಗಿಳಿದರೆ ಹೊಡೆತ ಮೆತ್ತಗಾಗಿ ಕಪ್ಪು ಕಾಳು ಒಳ್ಳೆಯ ಬೇಳೆಯೊಳಗೇ ಬೀಳುತ್ತದೆ. ಹಾಗೆ ಇಳಿದಾಗ ಕೂಗಬೇಕಾದ ಅದರ ಅಲಾರಂ ಮೊದಲೇ ಕೆಟ್ಟಿತ್ತು.

ತಮ್ಮ ನೋಡಿ ಹೇಳಿದ: ಏಳಕ್ಕೆ ನಿಲ್ಲಬೇಕು, ಆರಕ್ಕೆ ಚಾಲೂ ಆಗಬೇಕು. ಅದಕ್ಕೆ ಎರಡು ಸ್ಕ್ರೂ ಇರುವ ಸ್ವಿಚ್ಚು ಬೇಕು. ದೊಡ್ಡ ಸ್ಕ್ರೂ ಎಲ್ಲಿ ನಿಲ್ಲಬೇಕೆಂದು ಗೊತ್ತು ಮಾಡಲಿಕ್ಕೆ, ಸಣ್ಣದು ಎಷ್ಟು ಇಳಿದ ಮೇಲೆ ಮತ್ತೆ ಚಾಲೂ ಆಗಬೇಕೆಂದು ಗೊತ್ತು ಮಾಡಲಿಕ್ಕೆ. ಅದು ಹೈದರಾಬಾದಿನಿಂದ ಬಸ್ಸಿನ ಪಾರ್ಸಲಿನಲ್ಲಿ ಬರಬೇಕಿತ್ತು. ಅಷ್ಟರಲ್ಲಿ ಅವನ ಹೆಂಡತಿಗೆ ಕಮಲಾಪುರದ ತವರಿನಲ್ಲಿ ಹೆಣ್ಣು ಕೂಸು ಹುಟ್ಟಿತ್ತು, ತೊಟ್ಟಿಲ ಕಾರ್ಯಕ್ಕೆ ಹೊರಟು ನಿಂತ. “ಅಣ್ಣ, ಪಾರ್ಸಲ್ ಬರೂತನ ಏನೂ ಹಾಕಬ್ಯಾಡ. ಸಾಹುಕಾರ್ರು ಅವಸರ ಮಾಡಿದ್ರ ನನ್ನ ಹೆಸರು ಹೇಳು” ಅಂದು ಹೋದ.

ಸಾಹುಕಾರರು ಅವಸರ ಮಾಡಿದರು. ಸುಗ್ಗಿಯ ತೊಗರಿ ಮಿಲ್ಲಿನ ಅಂಗಳದಲ್ಲಿ ಗುಡ್ಡೆ ಬಿದ್ದಿತ್ತು. “ದೊಡ್ಡ ಮಿಸ್ತ್ರಿ ನೀನೋ, ಅಂವನೋ?” ಅಂತ ಫೋನಿನಲ್ಲಿ ಕೇಳಿದರು. ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

ಅಂಗಡಿಯಲ್ಲಿ ಇನ್ನೊಂದು ಸ್ವಿಚ್ಚಿತ್ತು, ಪಂಕ್ಚರ್ ಅಂಗಡಿಗಳಿಗೆ ಹಾಕುವಂಥದ್ದು. ನೋಡಲು ಅದೇ ಡಬ್ಬಿ, ಪೈಪಿಗೆ ತಿರುಗಿಸಿ ಕೂಡಿಸುವ ಅದೇ ಚೂಡಿ. ಮುಚ್ಚಳದ ಒಂದು ಸ್ಕ್ರೂ ಕಳೆದಿತ್ತು, ನಾನೇ ಸೈಕಲ್ಲಿನದೊಂದು ಹಿತ್ತಾಳೆ ಸ್ಕ್ರೂ ಹಾಕಿದ್ದೆ. ಮುಚ್ಚಳ ತೆಗೆದರೆ ಒಳಗೆ ಒಂದೇ ಸ್ಕ್ರೂ, ದೊಡ್ಡದು. ಸಣ್ಣದು ಇರಲಿಲ್ಲ. ಏಳಕ್ಕೆ ನಿಂತರೆ ನಾಲ್ಕಕ್ಕೆ ಇಳಿಯುವ ತನಕ ಅದು ಮತ್ತೆ ಚಾಲೂ ಆಗುವುದಿಲ್ಲ. ಇದು ನನಗೆ ಗೊತ್ತಿತ್ತು. ಇಂಗ್ಲಿಷು ಬರದೆ ಆದ ಗಲತಿ ಇದಲ್ಲ. ಗೊತ್ತಿದ್ದೇ ಅದನ್ನು ಜೇಬಿಗೆ ಹಾಕಿಕೊಂಡು ಮಿಲ್ಲಿಗೆ ಹೋದೆ. ನಾನು ಆಯ್ದ ಸ್ವಿಚ್ಚಿನಿಂದಲೂ ಮಷೀನು ನಡೆಯುತ್ತದೆ ಅಂತ ಒಮ್ಮೆ ತೋರಿಸಬೇಕಿತ್ತು.

ಆ ಮಿಲ್ಲಿನಲ್ಲಿ ಒಂದು ಪದ್ಧತಿ. ಮಿಸ್ತ್ರಿ ಕೆಲಸ ಮುಗಿಸಿ, ಸಾಹುಕಾರರ ಎದುರಿಗೆ ಮಷೀನು ನಡೆಸಿ ತೋರಿಸಿ, ಅವರಿಗೆ ಒಪ್ಪಿಗೆಯಾದರೆ ಗಾದಿಯ ಪಕ್ಕ ಕೂಡಿಸಿಕೊಂಡು ಚಹಾ ಕೊಡುತ್ತಾರೆ. ಚಹಾ ಬಂತೆಂದರೆ ಕೆಲಸ ಪಾಸು. ಅವತ್ತು ಟ್ಯಾಂಕು ತುಂಬಿತು, ಏಳಕ್ಕೆ ‘ಟಕ್’ ಅಂತು. ತುಂಬಿದ ಟ್ಯಾಂಕಿನ ಗಾಳಿಗೆ ಐದು ನಿಮಿಷ ಬೇಳೆ ಬಂಗಾರದ ಹಾಗೆ ಇಳಿಯಿತು. ಸಾಹುಕಾರರು ಅಂಗೈಯಲ್ಲಿ ಬೇಳೆ ಹಿಡಿದು ನೋಡಿದರು. ನಾನು ಚಹಾ ಕುಡಿದೆ.

ತಮ್ಮ ಊರಿನಿಂದ ಬಂದವನೇ ಕೇಳಿದ, “ಯಾವುದು ಹಾಕಿದಿ ಅಣ್ಣ?”

“ನೀ ಹೇಳಿದ್ದೇ,” ಅಂದೆ. ಅಷ್ಟರಲ್ಲಿ ಪಾರ್ಸಲ್ ಬಂದಿತ್ತು. ತಾಮ್ರದ ತಂತಿಯ ಚೀಲದ ಕೆಳಗೆ ಮುಚ್ಚಿಟ್ಟಿದ್ದೆ.

ಒಂದು ವಾರಕ್ಕೆ ಮಿಲ್ಲಿನಿಂದ ಕರೆ ಬಂತು, ಇಬ್ಬರೂ ಹೋದೆವು. ಹೊರಗೆ ಕಳಿಸಿದ ಬೇಳೆ ಒಂದು ಚೀಲ ಬಿಟ್ಟು ಒಂದು ಚೀಲ ಕಪ್ಪು ಕಾಳು ಅಂತ ವಾಪಸು ಬಂದು ಅಂಗಳದಲ್ಲಿ ಕೂತಿತ್ತು. ಸಾಹುಕಾರರು ಕೇಳಿದ್ದು ಒಂದೇ ಮಾತು: “ಆ ಸ್ವಿಚ್ಚು ಆಯ್ದವರು ಯಾರು?”

“ನಾ ರೀ,” ಅಂದ ತಮ್ಮ. ತಾನು ಆಯ್ದದ್ದೇ ಅಲ್ಲಿದೆ ಅಂತ ಅವನು ನಂಬಿದ್ದ.

ಹಮಾಲರು, ಲಾರಿಯವರು, ತಪ್ಪು ಸ್ವಿಚ್ಚಿನದೇ ಅಂತ ಹೇಳಿದ್ದ ಬೇರೆ ಮಿಲ್ಲಿನ ಇಬ್ಬರು ಮಿಸ್ತ್ರಿಗಳು, ಎಲ್ಲರೂ ನಿಂತಿದ್ದರು. “ಚೀಟಿ ಓದಿ ಮಿಸ್ತ್ರಿ ಆಗ್ಯಾನ ಇಂವ,” ಅಂದರು ಸಾಹುಕಾರರು. “ಅಣ್ಣ ಕಷ್ಟಪಟ್ಟು ಓದಿಸ್ಯಾನ, ಇಂವ ಅಣ್ಣನ ಇಜ್ಜತ್ ತೆಗದಾನ. ಅದನ್ನ ಬಿಚ್ಚಿ ತಗೊಂಡು ನಡಿ. ಇನ್ನ ಈ ಬಾಗಲಾಗ ಕಾಲಿಡಬ್ಯಾಡ.” ಚಹಾದ ಕೆಟಲಿ ಹಿಡಿದು ಬಂದವನನ್ನು ಕೈಮಾಡಿ ವಾಪಸು ಕಳಿಸಿದರು.

ನಾನು ಸ್ಟಾರ್ಟರ್ ಡಬ್ಬಿಯ ಕಡೆ ಮುಖ ಮಾಡಿ ನಿಂತಿದ್ದೆ. ತಮ್ಮ ಸ್ವಿಚ್ಚು ಬಿಚ್ಚುವ ಸಪ್ಪಳ ಬೆನ್ನ ಹಿಂದೆ ಕೇಳುತ್ತಿತ್ತು. ಈಗ ಹೇಳಬೇಕು, ಈಗ ಹೇಳಬೇಕು ಅಂದುಕೊಂಡೆ. ಅವನು ಅದನ್ನು ಜೇಬಿಗೆ ಹಾಕಿಕೊಂಡು ಹೊರಗೆ ನಡೆದ.

ಮರುದಿನ ಚೀಲದ ಕೆಳಗಿನ ಪಾರ್ಸಲ್ ತೆಗೆದು ನಾನೊಬ್ಬನೇ ಹೋಗಿ ಹಾಕಿ ಬಂದೆ. ಬೇಳೆ ದಿನವಿಡೀ ಒಂದೇ ಸಮ ಇಳಿಯಿತು. “ದೊಡ್ಡವನ ಕೈಯೇ ಕೈ,” ಅಂದರು ಸಾಹುಕಾರರು. ಆ ಚಹಾನೂ ಕುಡಿದೆ.

ಮಿಲ್ಲುಗಳ ಸಾಲಿನಲ್ಲಿ ಸುದ್ದಿ ಹರಡಲು ಎರಡು ದಿನ ಸಾಕು. ಆಮೇಲೆ ಫೋನು ಮಾಡಿದವರೆಲ್ಲ “ನೀನೇ ಬಾ, ತಮ್ಮನ್ನ ಕಳಸಬ್ಯಾಡ” ಅಂದರು. ಆರು ತಿಂಗಳು ಅವನು ಅಂಗಡಿಯಲ್ಲಿ ಸುಮ್ಮನೆ ಕೂತ. ಬೆನ್ನು ಮಾಡಿ ಕೂಡುವ ಆಟ ನಿಂತಿತು. ಒಂದು ದಿನ, “ಕಮಲಾಪುರದಾಗ ರಸ್ತೆಗೆ ಹಚ್ಚಿ ಒಂದು ಜಾಗ ಅದ ಅಣ್ಣ, ಹವಾ ಪಂಕ್ಚರ್ ಅಂಗಡಿ ಇಡ್ತೀನಿ,” ಅಂದ. ನಾನು ಕಾರಣ ಕೇಳಲಿಲ್ಲ. ಕೇಳಿದರೆ ಹೇಳಿಬಿಟ್ಟಾನು ಅಂತ ಹೆದರಿಕೆ.

ಹಬ್ಬಕ್ಕೆ ಹೋಗುತ್ತೇವೆ, ಬರುತ್ತೇವೆ. ಅವನು ಬರುವಾಗ ಅಲ್ಲಿಯ ಕೆಂಪು ಬಾಳೆಹಣ್ಣು ತರುತ್ತಾನೆ, ಅವ್ವ ಇದ್ದಾಗ ಅವಳಿಗೆ ಅದೇ ಬೇಕಾಗುತ್ತಿತ್ತು. ಆದರೆ ಇಷ್ಟು ವರ್ಷ ನಾನು ಅವನ ಮನೆಗೆ ಹೋಗಿದ್ದೇನೆಯೇ ಹೊರತು ಅಂಗಡಿಗೆ ಹೋಗಿರಲಿಲ್ಲ. ಏನಾದರೂ ಒಂದು ನೆವ.

ಈ ಸಲ ನೆವ ಸಿಗಲಿಲ್ಲ. ಕಮಲಾಪುರ ಇನ್ನೇನು ಬಂತು ಅನ್ನುವಾಗ ನನ್ನ ಗಾಡಿಯ ಹಿಂದಿನ ಟೈರು ಪಂಕ್ಚರ್ ಆಯಿತು. ಬಿಸಿಲಲ್ಲಿ ತಳ್ಳಿಕೊಂಡು ಬೆವರು ಸುರಿಸುತ್ತ ಅಂಗಡಿ ಮುಂದೆ ನಿಂತೆ.

“ಹನ್ನೊಂದು ವರ್ಷಕ್ಕ ಅಂಗಡಿಗೆ ಬಂದಿ, ಅದೂ ತಳ್ಳಿಕೋತ,” ಅಂದ ತಮ್ಮ. “ದೊಡ್ಡ ಮಿಸ್ತ್ರಿ, ಕೂಡ್ರಿ. ಅಣ್ಣ ಅಂತ ಬಿಡಂಗಿಲ್ಲ, ರೊಕ್ಕ ಇಸಗೋತೀನಿ.”

ಟ್ಯೂಬಿಗೆ ತೇಪೆ ಹಚ್ಚಿ ಕಂಪ್ರೆಸರು ಚಾಲೂ ಮಾಡಿದ. ಆಮೇಲೆ ನನ್ನ ಪಕ್ಕ ಬಂದು ಅದಕ್ಕೆ ಬೆನ್ನು ಮಾಡಿ ಕೂತ. “ಹೇಳು ನೋಡೋಣ.”

ನಾನು ಕಿವಿಗೊಟ್ಟೆ. ಮೋಟರಿನ ದನಿ ದಪ್ಪಗಾಗುತ್ತ ಬಂತು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ಅವನು “ಈಗ” ಅಂದ. ಟಕ್.

“ಭಜಿ ನಿಂದೇ,” ಅಂದ. ಇಬ್ಬರೂ ನಕ್ಕೆವು. ನಗುತ್ತಲೇ ಹಿಂದೆ ತಿರುಗಿದೆ. ಟ್ಯಾಂಕಿನ ಮೇಲಿನ ಸ್ವಿಚ್ಚಿನ ಮುಚ್ಚಳದಲ್ಲಿ ನಾನು ಹಾಕಿದ್ದ ಅದೇ ಸೈಕಲ್ಲಿನ ಹಿತ್ತಾಳೆ ಸ್ಕ್ರೂ ಇತ್ತು.

ನನ್ನ ನಗು ನಿಂತಿತು. ಅವನು ನಾನು ನೋಡಿದ್ದನ್ನು ನೋಡಿದ. ಅವತ್ತು ಮಿಲ್ಲಿನಲ್ಲಿ ಬಿಚ್ಚುವಾಗಲೇ ಅವನಿಗೆ ಗೊತ್ತಾಗಿತ್ತು. ಆದರೂ ನಾನು ಎಲ್ಲ ಹೇಳಿದೆ, ಪಾರ್ಸಲ್ ಮುಚ್ಚಿಟ್ಟದ್ದು, ಎರಡು ಸಲ ಚಹಾ ಕುಡಿದದ್ದು.

“ಅವತ್ತೇ ಯಾಕ ಹೇಳಲಿಲ್ಲ ನೀ?” ಅಂತ ಕೊನೆಗೆ ಅವನನ್ನೇ ಕೇಳಿದೆ. ನಾಚಿಕೆ ಅನ್ನುವುದು ಬೇಡವೇ ನನಗೆ.

“ಅಲ್ಲಿ ಹೇಳಿದ್ರ ಇಬ್ಬರ ಕೆಲಸಾನೂ ಹೋಗ್ತಿತ್ತು. ಅವ್ವ ಇದ್ಲು,” ಅಂದ. “ನೀನಾಗೇ ಹೇಳ್ತಿ ಅಂತ ಕಾದೆ. ಆರು ತಿಂಗಳು ಅಂಗಡ್ಯಾಗ ಅದಕ್ಕೇ ಕೂತಿದ್ದೆ ಅಣ್ಣ.”

ಒಬ್ಬ ಟ್ರ್ಯಾಕ್ಟರಿನವನು ಬಂದ. ತಮ್ಮ ಎದ್ದು ಅವನ ಟೈರಿಗೆ ಗಾಳಿ ತುಂಬಿ ಬಂದು, ಸ್ವಿಚ್ಚಿನ ಮೇಲಿನ ಧೂಳು ಬೆರಳಿಂದ ಒರೆಸಿದ. “ಇದರದೇನೂ ತಪ್ಪಿಲ್ಲ. ಟೈರಿನ ಕೆಲಸಕ್ಕ ಇದೇ ಬೇಕು. ನಾಲ್ಕಕ್ಕ ಇಳಿಯೂತನ ಮೋಟರಿಗೆ ಆರಾಮ ಸಿಗ್ತದ. ಇಷ್ಟು ವರ್ಷ ಒಂದು ದಿನ ಕೈ ಕೊಟ್ಟಿಲ್ಲ.” ಆಮೇಲೆ ನನ್ನ ಕಡೆ ನೋಡದೆ ಹೇಳಿದ, “ಗೊತ್ತಿದ್ದವಗ ಹೇಳಿ ಏನ್ ಮಾಡ್ತಿ? ಗೊತ್ತಿಲ್ಲದವರಿಗೆ ಹೇಳು.”

ಮರುದಿನವೇ ಮಿಲ್ಲಿಗೆ ಹೋದೆ. ಸಾಹುಕಾರರಿಗೆ ವಯಸ್ಸಾಗಿದೆ, ವ್ಯವಹಾರವೆಲ್ಲ ಮಗನದು. ಅದೇ ಗಾದಿ, ಅದೇ ಅಂಗಳ. ಹಮಾಲರು ಚೀಲ ಹೊರುತ್ತಿದ್ದರು. ಕಂಪ್ರೆಸರಿನಲ್ಲಿ ಏನೋ ತೊಂದರೆ ಇದೆ ಅನ್ನಲು ಬಂದೆ ಅಂತ ತಿಳಿದು ಸಾಹುಕಾರರು, “ಬಾ ಮಿಸ್ತ್ರಿ, ಕೂಡು,” ಅಂದರು. ಕೂಡಲಿಲ್ಲ. ನಿಂತೇ ಹೇಳಿದೆ. ಮೊದಲು ದನಿ ಸಣ್ಣದಾಗಿತ್ತು. ಅಂಗಳದವರಿಗೂ ಕೇಳಲಿ ಅಂತ ಆಮೇಲೆ ಜೋರಾಗಿ ಹೇಳಿದೆ.

ಸಾಹುಕಾರರು ಗಾದಿಯ ಮೇಲೆ ನೆಟ್ಟಗೆ ಕೂತರು. “ಅವತ್ತ ನಾ ಅಂವಗ ಏನಂದಿದ್ದೆ?” ಅಂತ ಕೇಳಿದರು.

ನನಗೆ ಒಂದೊಂದು ಮಾತೂ ನೆನಪಿತ್ತು. ಚೀಟಿ ಓದಿ ಮಿಸ್ತ್ರಿ ಆದದ್ದು, ಅಣ್ಣನ ಇಜ್ಜತ್ತು, ಬಾಗಿಲಲ್ಲಿ ಕಾಲಿಡಬಾರದು ಅಂದದ್ದು. ಎಲ್ಲರ ಎದುರಿಗೆ ನನ್ನ ಬಾಯಿಂದಲೇ ಅವನ್ನು ತಿರುಗಿ ಹೇಳಬೇಕಾಯಿತು.

ಅವರು ಮಗನ ಕಡೆ ತಿರುಗಿ, “ಇವನ ತಮ್ಮನ ನಂಬರ್ ಬರಕೋ. ನಾನೇ ಮಾತಾಡ್ತೀನಿ,” ಅಂದರು. ನಾನು ನಂಬರ್ ಹೇಳುತ್ತಿರುವಾಗ ಕೆಟಲಿ ಹಿಡಿದವನು ಬಂದ. ಸಾಹುಕಾರರು ಕೈ ಅಲ್ಲಾಡಿಸಿದರು. ಅವನು ನನ್ನ ಮುಂದಿನಿಂದ ದಾಟಿ ಹೋದ.

ಸಂಜೆ ತಮ್ಮನ ಫೋನು ಬಂತು.

“ಸಾಹುಕಾರ್ರು ಮಾತಾಡಿದ್ರು. ನಾಡಿದ್ದು ಬಾ ಅಂದಾರ,” ಅಂದ. ಆಮೇಲೆ ಕೇಳಿದ, “ನಿನಗ ಚಹಾ ಕೊಟ್ರೇನು?”

“ಇಲ್ಲ.”

ಅವನು ನಕ್ಕ. ಹಿಂದುಗಡೆ ಅವನ ಕಂಪ್ರೆಸರು ನಡೆಯುತ್ತಿತ್ತು, ದನಿ ದಪ್ಪಗಾಗುತ್ತಿತ್ತು.

“ನನಗೂ ಅವತ್ತ ಕೊಟ್ಟಿರಲಿಲ್ಲ,” ಅಂದ. “ನಾಡಿದ್ದು ಅಲ್ಲಿಂದ ಅಂಗಡಿಗೆ ಬರ್ತೀನಿ. ಭಜಿ ತಂದಿಟ್ಟಿರು. ಸೋತದ್ದು ನೀನೇ.”