ಮೂರನೆಯ ಹಾಸಿಗೆಗೆ ಜಾಗ

ಪುಣೆಯಲ್ಲಿ ನನಗೆ ಮೊದಲು ತೋರಿಸಿದ ಬಾಡಿಗೆ ಕೋಣೆಯೊಳಗೆ ನೆಟ್ಟಗೆ ನಿಲ್ಲಲಿಕ್ಕೆ ಆಗುತ್ತಿರಲಿಲ್ಲ. ಅದು ಮಹಡಿ ಮೆಟ್ಟಿಲ ಕೆಳಗಿನ ಜಾಗ. ಅಪ್ಪ ಬಗ್ಗಿ ಒಳಗೆ ಹೋಗಿ, ಬಗ್ಗಿಕೊಂಡೇ ಹೊರಗೆ ಬಂದ. ಮನೆಯ ಯಜಮಾನ ಹಿಂದಿಯಲ್ಲಿ, "ಓದುವುದು ಕೂತು, ಮಲಗುವುದು ಮಲಗಿ. ನಿಲ್ಲುವ ಕೆಲಸ ಏನಿದೆ?" ಎಂದು ಕೇಳಿದ. ಅವನು ತಮಾಷೆ ಮಾಡುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆ. ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ಎಂ.ಎಸ್ಸಿ. ಓದಲು ಅಷ್ಟು ದೂರ ಹೊರಟವಳು ನಾನೊಬ್ಬಳೇ. ಯೂನಿವರ್ಸಿಟಿ ನಮ್ಮೂರಿನ ಹೊಲಗಳನ್ನೆಲ್ಲ ಸೇರಿಸಿದಷ್ಟು ದೊಡ್ಡದು. ಹೆಣ್ಣುಮಕ್ಕಳ ಹಾಸ್ಟೆಲು ಮಾತ್ರ ಚಿಕ್ಕದು. ಸೀಟು ಖಾಲಿಯಾದಾಗ ತಿಳಿಸುತ್ತೇವೆಂದು ಹೆಸರು ಬರೆದುಕೊಂಡರು. ಸೋಮವಾರವೇ ಕ್ಲಾಸು ಶುರು. ಪ್ರೈಮರಿ ಸ್ಕೂಲಿನ ಮೇಷ್ಟ್ರಾದ ಅಪ್ಪನಿಗೆ ರಜೆ ಇದ್ದದ್ದು ಭಾನುವಾರದವರೆಗೆ.

"ಭಾನುವಾರದ ತನಕ ನೋಡಾನ. ಸಿಗಲಿಲ್ಲ ಅಂದ್ರೆ ಇಬ್ರೂ ವಾಪಸ್ ಹೋಗಾನ. ಬೇಜಾರು ಮಾಡ್ಕಬ್ಯಾಡ," ಎಂದ.

ನಮ್ಮೂರಲ್ಲಿ ಬಾಡಿಗೆ ಮನೆ ಅನ್ನುವ ಮಾತೇ ಇರಲಿಲ್ಲ. ವರ್ಗವಾಗಿ ಬಂದವರಿಗೆ ಯಾರಾದರೂ ಪಡಸಾಲೆ ಪಕ್ಕದ ಕೋಣೆ ತೆರವು ಮಾಡಿ ಕೊಡುತ್ತಿದ್ದರು. ಯಾವೂರು, ಯಾರ ಪೈಕಿ ಎಂದು ಕೇಳಿದರೆ ಮುಗಿಯಿತು. ಇಲ್ಲಿ ಒಬ್ಬರು ಒಲೆ ಹಚ್ಚಬಾರದು ಎಂದರು. ಇನ್ನೊಬ್ಬರು ಸಂಜೆ ಆರಕ್ಕೆ ಬಾಗಿಲು ಹಾಕುತ್ತೇವೆಂದರು. ನನ್ನ ಲ್ಯಾಬು ಮುಗಿಯುವುದೇ ಆರಕ್ಕೆ. ನಮ್ಮ ಕೈಗೆಟುಕುವ ಕೋಣೆಗಳೆಲ್ಲ ಗಂಡುಹುಡುಗರಿಗೆ. ಮೂರು ದಿನ ತಿರುಗಿ ಅಪ್ಪನ ಕಾಲು ಬೊಬ್ಬೆ ಎದ್ದಿತ್ತು. ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿಕೊಂಡಿದ್ದೆ.

ಭಾನುವಾರ ಬೆಳಿಗ್ಗೆ ಚಹಾದಂಗಡಿಯವನು ಹಿಂದಿನ ಗಲ್ಲಿಯ ವಾಡಾ ತೋರಿಸಿದ. ವಾಡಾ ಎಂದರೆ ನಡುವೆ ಅಂಗಳವಿದ್ದು, ಸುತ್ತ ಹತ್ತಾರು ಸಂಸಾರಗಳು ಇರುವ ಹಳೆಯ ದೊಡ್ಡ ಮನೆ. ಅದರ ಯಜಮಾನಿ ನಿವೃತ್ತ ನರ್ಸು. ಎಲ್ಲರೂ ಅವರನ್ನು ಮಾವಶಿ ಎನ್ನುತ್ತಿದ್ದರು, ಅಂದರೆ ಚಿಕ್ಕಮ್ಮ. ಅಪ್ಪ ಜಗಳೂರು ಸಂತೆಯಲ್ಲಿ ಕಲಿತ ಉರ್ದುವಿನಲ್ಲಿ ನಮ್ಮ ಕಷ್ಟ ಹೇಳಿಕೊಂಡ.

"ಮೇಲೆ ಒಂದು ಖೋಲಿ ಇದೆ. ಆದರೆ ಅದರಲ್ಲಿ ಇಬ್ಬರು ಹುಡುಗಿಯರಿದ್ದಾರೆ. ಅವರನ್ನೇ ಕೇಳಬೇಕು. ಅಲ್ಲಿ ಇರುವವರು ಅವರು, ನಾನಲ್ಲ," ಎಂದರು ಮಾವಶಿ.

ಸಾತಾರೆಯ ಶಾಲಿನಿ, ಸೋಲಾಪುರದ ನಸೀಮ್. ಖೋಲಿಯಲ್ಲಿ ಎರಡು ಮಂಚ ಹಾಕಿದ ಮೇಲೆ ಕಾಲಿಡಲು ಮಾತ್ರ ಜಾಗ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಸೀಮ್ ಅಪ್ಪನ ಕಡೆ ತಿರುಗಿ, "ನನಗೆ ಹನ್ನೊಂದು ಮನೆಯವರು ಇಲ್ಲ ಅಂದಿದ್ದರು, ಚಾಚಾ," ಎಂದಳು. ಶಾಲಿನಿ ತನ್ನ ಹಾಸಿಗೆ ಸುತ್ತತೊಡಗಿದಳು. ಮಂಚ ಹೊರಗೆ ಹಾಕಿದರೆ ನೆಲದ ಮೇಲೆ ಮೂರು ಹಾಸಿಗೆ ಹಿಡಿಯುತ್ತವೆ ಎಂಬುದು ಅವಳ ಲೆಕ್ಕ.

ಗುರುತು ಪರಿಚಯವಿಲ್ಲದ ನನಗಾಗಿ ಅವರಿಬ್ಬರೂ ಮಂಚ ಬಿಟ್ಟುಕೊಟ್ಟರು. ಅಪ್ಪ ಪಂಚೆ ಎತ್ತಿ ಕಟ್ಟಿ, ಇಕ್ಕಟ್ಟಾದ ಮರದ ಮೆಟ್ಟಿಲಲ್ಲಿ ಅವರ ಜೊತೆ ಒಂದೊಂದೇ ಮಂಚ ಇಳಿಸಿದ. ಆಮೇಲೆ ಸಂಕೋಚದಿಂದ, ಮೂರನೆಯವಳು ಬಂದದ್ದಕ್ಕೆ ಬಾಡಿಗೆ ಎಷ್ಟು ಹೆಚ್ಚಾಗುತ್ತದೆ ಎಂದು ಮಾವಶಿಯನ್ನು ಕೇಳಿದ.

"ಖೋಲಿ ಬೆಳೆಯಿತೇ, ಬಾಡಿಗೆ ಬೆಳೆಯಲಿಕ್ಕೆ? ಇರುವುದನ್ನೇ ಮೂವರೂ ಹಂಚಿಕೊಳ್ಳಲಿ."

ಸಂಜೆ ಬಸ್ಸು ಹತ್ತುವಾಗ ಅಪ್ಪ, "ಇಂಥ ಮಂದಿ ಇರೋ ಊರಾಗೆ ಹೆದರಾಕೆ ಏನೈತೆ?" ಎಂದ. ಆದರೂ ಬಸ್ಸು ತಿರುವು ದಾಟುವ ತನಕ ಕಿಟಕಿಯಿಂದ ತಲೆ ಒಳಗೆ ತೆಗೆದುಕೊಳ್ಳಲಿಲ್ಲ.

ಮೊದಲ ತಿಂಗಳು ಮುದ್ದೆಯಿಲ್ಲದೆ ಊಟ ಮಾಡಿದಂತೆಯೇ ಆಗುತ್ತಿರಲಿಲ್ಲ. ಜೋಳದ ರೊಟ್ಟಿಗೆ ಇಲ್ಲಿ ಭಾಕರಿ ಎನ್ನುತ್ತಾರೆ. ಹೆಸರು ಬೇರೆ, ತಟ್ಟುವ ಸದ್ದು ಅದೇ. ಆ ಸದ್ದು ಕೇಳಿ ಒಮ್ಮೆ ಅತ್ತುಬಿಟ್ಟೆ. ಮಾವಶಿ ಕಾರಣ ಕೇಳಲಿಲ್ಲ; ಹಿಟ್ಟು ನಾದುವ ಅಗಲ ತಟ್ಟೆ, ಪರಾತ, ನನ್ನ ಮುಂದೆ ತಳ್ಳಿದರು. ನಾನು ತಟ್ಟಿದ್ದು ಅವರದಕ್ಕಿಂತ ತೆಳ್ಳಗೆ ಬಂತು. ಅಂಗಳದ ಹೆಂಗಸರೆಲ್ಲ ಬಂದು ನೋಡಿದರು. ಮರಾಠಿಯಲ್ಲಿ ನಾನು ಆಡಿದ ಮೊದಲ ಧೈರ್ಯದ ಮಾತು ಅವತ್ತಿನದು: ನೀರು ಬಿಸಿ ಇರಬೇಕು ಎಂದು ಅವರಿಗೇ ಹೇಳಿಕೊಟ್ಟೆ.

ಓದು ಮುಗಿಯಿತು, ಅಲ್ಲೇ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಹಾಸ್ಟೆಲಿನಿಂದ ಕಾಗದ ಬಂದದ್ದು ಎರಡನೆಯ ವರ್ಷ, ನಾನು ಹೋಗಲಿಲ್ಲ.

ಕೆಲಸ ಸಿಕ್ಕ ಮರುವರ್ಷ ಅವ್ವ ಮೊದಲ ಸಲ ಪುಣೆಗೆ ಬಂದಳು. ಮಾವಶಿಯ ಎದುರು ಕೂತು, ಅವರ ಕೈ ಹಿಡಿದುಕೊಂಡು, "ನಮ್ಮ ಹುಡುಗೀನ ಚಂದಾಗಿ ನೋಡ್ಕಂಡ್ರಿ. ಹಿಂಗಂತ ಹೇಳು," ಎಂದಳು. ಹೇಳಿದೆ. ಮಾವಶಿ ನಕ್ಕು, "ಆಮಚಿ ಮುಲಗಿ ಆಹೆ," ಎಂದರು. ನಮ್ಮ ಹುಡುಗಿ ಇವಳು, ಎಂದು.

"ಏನಂತಾರೆ?" ಎಂದು ಅವ್ವ ಕೇಳಿದಳು.

"ನಿಮ್ಮ ಹುಡುಗಿ ಒಳ್ಳೇಳು ಅಂತಾರೆ," ಎಂದೆ.

ಅವ್ವ ಸಮಾಧಾನದಿಂದ ತಲೆಯಾಡಿಸಿದಳು. ಮಾವಶಿಯೂ ತಲೆಯಾಡಿಸಿದರು. ಇಬ್ಬರ ನಡುವೆ ಕೂತಿದ್ದ ನಾನು ಯಾರ ಮುಖವನ್ನೂ ನೋಡಲಿಲ್ಲ.